ಹಿನ್ನೀರಿನ ದೋಣಿಯ ಬ್ಯಾಟರಿ ಬೇಗ ಡೌನ್ ಆಗುತ್ತಿದೆಯಾ? ಹೊಸದು ತರುವ ಮೊದಲು ಇಷ್ಟು ನೋಡಿ

ಶರಾವತಿ ಹಿನ್ನೀರಿನಲ್ಲಿ ದೋಣಿ ಇಟ್ಟುಕೊಂಡವರ ಬ್ಯಾಟರಿ ಕೈ ಕೊಟ್ಟಾಗ ಹೋಗಿ ನೋಡಿದರೆ ಹೆಚ್ಚಾಗಿ ಸಿಗುವ ಕಾರಣ ಒಂದೇ. ಅದು ಪೂರ್ತಿ ಚಾರ್ಜ್ ಆಗಿ ಎಷ್ಟೋ ತಿಂಗಳಾಗಿರುತ್ತದೆ. ದಿನಾ ಅರ್ಧ ತುಂಬಿಸುವುದು, ದಿನಾ ಪೂರ್ತಿ ತೆಗೆಯುವುದು. ಹೀಗೆ ನಡೆದರೆ ಎಷ್ಟು ಒಳ್ಳೆಯ ಬ್ಯಾಟರಿಯಾದರೂ ಎರಡು ಮಳೆಗಾಲ ಕಾಣುವುದು ಕಷ್ಟ. ನೆಟ್ಟಗೆ ನೋಡಿಕೊಂಡರೆ ಅದೇ ಬ್ಯಾಟರಿ ಐದಾರು ವರ್ಷ ಬಾಳುತ್ತದೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ತಪ್ಪು ಬ್ಯಾಟರಿಯದ್ದಾ, ಚಾರ್ಜರಿನದ್ದಾ, ವೈರಿನದ್ದಾ ಅಂತ ತಿಳಿದುಕೊಳ್ಳಬೇಕು. ಕಾರಣ ಹಾಗೇ ಉಳಿದರೆ ಹೊಸದಕ್ಕೂ ಅದೇ ಗತಿ.

ಇಲ್ಲಿ ಹೇಳುತ್ತಿರುವುದು 12 ವೋಲ್ಟಿನ, ನೀರು ಹಾಕುವ ಟ್ಯೂಬ್ಯುಲರ್ (ಒಳಗಿನ ಸೀಸದ ಪ್ಲೇಟು ಕೊಳವೆಯಂತಿರುವ) ಬ್ಯಾಟರಿ ಬಗ್ಗೆ. ನಮ್ಮ ಕಡೆ ಮನೆಯ ಇನ್ವರ್ಟರ್‌ಗೂ ಇದೇ, ದೋಣಿಯ ಲೈಟು, ತಳದ ನೀರೆತ್ತುವ ಪಂಪು, ಕರೆಂಟಿನ ಮೋಟರ್ ಎಲ್ಲಕ್ಕೂ ಇದೇ. ಮಳೆಗಾಲದಲ್ಲಿ ದೋಣಿಯದನ್ನು ಬಿಚ್ಚಿ ತಂದು ಮನೆಯ ಇನ್ವರ್ಟರ್‌ಗೆ ಹಾಕುವವರೂ ಇದ್ದಾರೆ. ಹಾಗಾಗಿ ದೋಣಿ ಇಲ್ಲದವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಕಾರು, ಜೀಪಿನ ಬ್ಯಾಟರಿ ಬೇರೆ ಜಾತಿ. ಅದರ ಪ್ಲೇಟು ತೆಳು. ಒಂದೇ ಏಟಿಗೆ ಜಾಸ್ತಿ ಕರೆಂಟ್ ಕೊಟ್ಟು ಇಂಜಿನ್ ತಿರುಗಿಸಲು ಮಾಡಿದ್ದು. ಅದನ್ನು ದೋಣಿಯ ಮೋಟರಿಗೆ ಹಾಕಿ ಗಂಟೆಗಟ್ಟಲೆ ಓಡಿಸಿದರೆ ಕೆಲವೇ ತಿಂಗಳಲ್ಲಿ ಮುಗಿಯಿತು. ನಿಮ್ಮದು ಅಂಥದ್ದಾಗಿದ್ದರೆ ಬೇರೆ ದೋಷ ಹುಡುಕಬೇಕಾಗಿಲ್ಲ.

ಕೈ ಹಾಕುವ ಮೊದಲು

ಡಿಜಿಟಲ್ ಮಲ್ಟಿಮೀಟರ್, ಹೈಡ್ರೋಮೀಟರ್ (ಆಸಿಡ್ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಗಾಜಿನ ಕೊಳವೆ), ಡಿಸ್ಟಿಲ್ಡ್ ವಾಟರ್, ಅಡುಗೆ ಸೋಡಾ, ಸ್ಪ್ಯಾನರ್, ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ. ಇಷ್ಟಿದ್ದರೆ ಸಾಕು. ಹೈಡ್ರೋಮೀಟರ್ ಸಾಗರದಲ್ಲೋ ಶಿವಮೊಗ್ಗದಲ್ಲೋ ಬ್ಯಾಟರಿ ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ. ಇದೊಂದು ಇಲ್ಲದೆ ಬ್ಯಾಟರಿಯ ಬಗ್ಗೆ ಏನು ಹೇಳಿದರೂ ಅಂದಾಜು ಅಷ್ಟೇ.

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೆ ಒಂದು ಕಿಡಿ ಸಾಕು, ಸಿಡಿಯುತ್ತದೆ. ದೋಣಿಯಲ್ಲಿ ಬ್ಯಾಟರಿಯನ್ನು ಸೀಟಿನ ಕೆಳಗಿನ ಮುಚ್ಚಿದ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ, ಅಲ್ವಾ? ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಿ. ಚಾರ್ಜರ್ ಆಫ್ ಮಾಡಿ. ಬೀಡಿ ಸಿಗರೇಟು ದೂರ ಇರಲಿ. ಬಿಚ್ಚುವಾಗ ಮೊದಲು ಮೈನಸ್, ಜೋಡಿಸುವಾಗ ಕೊನೆಗೆ ಮೈನಸ್. ಆಸಿಡ್ ಕಣ್ಣಿಗೆ ಹಾರಿದರೆ ಕನಿಷ್ಠ ಹದಿನೈದು ನಿಮಿಷ ನೀರು ಬಿಟ್ಟು ತೊಳೆದು ಆಮೇಲೆ ಆಸ್ಪತ್ರೆ.

ಮೊದಲು ಕಣ್ಣಿಗೆ ಕಾಣುವುದು

ಬ್ಯಾಟರಿಯ ಮೇಲ್ಭಾಗ ಒದ್ದೆಯಾಗಿದೆಯಾ? ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯಾ? ಪಕ್ಕದ ಗೋಡೆ ಉಬ್ಬಿದೆಯಾ? ಬ್ಯಾಟರಿಯೊಳಗಿನ ಆರು ಖಾನೆಗಳಲ್ಲಿ, ಅಂದರೆ ಸೆಲ್ಲುಗಳಲ್ಲಿ, ಒಂದರಲ್ಲಿ ಮಾತ್ರ ನೀರು ಬೇಗ ಇಳಿಯುತ್ತದೆಯಾ? ಈ ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆರೂ ಸೆಲ್ಲಿನಲ್ಲಿ ನೀರು ಹೆಚ್ಚುಕಡಿಮೆ ಒಂದೇ ಸಮ ಇಳಿಯಬೇಕು. ಎಲ್ಲದರಲ್ಲೂ ಬೇಗ ಇಳಿದರೆ ಚಾರ್ಜಿಂಗ್ ಜಾಸ್ತಿಯಾಗುತ್ತಿದೆ. ಒಂದರಲ್ಲೇ ಇಳಿದರೆ ಆ ಸೆಲ್ಲಿನಲ್ಲಿ ತೊಂದರೆ ಇದೆ, ಇಲ್ಲವೇ ಡಬ್ಬಿ ಸೀಳಿದೆ.

ಮಲೆನಾಡಿನ ಮಳೆಗಾಲದಲ್ಲಿ ಮೇಲ್ಭಾಗದ ಒದ್ದೆಯೇ ಒಂದು ಕಾಯಿಲೆ. ಆಸಿಡ್ ಹನಿ, ಧೂಳು, ತೇವ ಸೇರಿ ಪ್ಲಸ್ಸಿನಿಂದ ಮೈನಸ್ಸಿಗೆ ತೆಳ್ಳಗೆ ದಾರಿ ಆಗಿಬಿಡುತ್ತದೆ. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಮೈನಸ್ ಟರ್ಮಿನಲ್ ಮೇಲೆ ಇಡಿ. ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಾಸ್ಟಿಕ್ ಮೇಲೆ ಅಲ್ಲಲ್ಲಿ ಮುಟ್ಟಿಸಿ. ವೋಲ್ಟೇಜ್ ತೋರಿಸಿದರೆ ಕರೆಂಟು ಮೇಲಿಂದಲೇ ಸೋರುತ್ತಿದೆ. ಸೆಲ್ಲಿನ ಮುಚ್ಚಳ ಎಲ್ಲ ಬಿಗಿಮಾಡಿ, ನೀರಿಗೆ ಅಡುಗೆ ಸೋಡಾ ಕಲಸಿ ಬಟ್ಟೆ ಅದ್ದಿ ಒರೆಸಿ. ನೊರೆ ನಿಂತ ಮೇಲೆ ಒಳ್ಳೆಯ ನೀರಿನಲ್ಲಿ ಒರೆಸಿ ಒಣಗಿಸಿ. ಸೋಡಾ ನೀರು ಒಂದು ಹನಿಯೂ ಸೆಲ್ಲಿನ ಒಳಗೆ ಹೋಗಬಾರದು.

ವೋಲ್ಟೇಜ್ ನೋಡುವಾಗ ಆಗುವ ಗೊಂದಲ

ಚಾರ್ಜರಿನಿಂದ ಬಿಚ್ಚಿದ ತಕ್ಷಣ ಮೀಟರ್ ಇಟ್ಟರೆ 13ಕ್ಕಿಂತ ಮೇಲೆ ತೋರಿಸುತ್ತದೆ. ಅದನ್ನು ನಂಬಬೇಡಿ. ಲೋಡ್, ಚಾರ್ಜ್ ಎರಡೂ ಇಲ್ಲದೆ ಕನಿಷ್ಠ ನಾಲ್ಕೈದು ಗಂಟೆ ಬಿಡಿ. ರಾತ್ರಿ ಬಿಚ್ಚಿಟ್ಟು ಬೆಳಿಗ್ಗೆ ನೋಡಿದರೆ ಇನ್ನೂ ಒಳ್ಳೆಯದು.

ಈಗ ಒಂದು ಮುಖ್ಯ ವಿಷಯ. ಪೂರ್ತಿ ಚಾರ್ಜ್ ಅಂದರೆ 12.7 ವೋಲ್ಟ್ ಅಂತ ಎಲ್ಲ ಕಡೆ ಬರೆದಿರುತ್ತದೆ. ಅದು ಆಸಿಡ್ ಗ್ರಾವಿಟಿ (ಆಸಿಡ್ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವ ಅಳತೆ) 1.280ರ ಆಸುಪಾಸು ಇರುವ ವಾಹನದ ಬ್ಯಾಟರಿಯ ಲೆಕ್ಕ. ನಮ್ಮಲ್ಲಿ ಇನ್ವರ್ಟರ್‌ಗೆ ಬರುವ ಟ್ಯೂಬ್ಯುಲರ್‌ಗಳಲ್ಲಿ ಸಾಮಾನ್ಯವಾಗಿ ಪೂರ್ತಿ ಚಾರ್ಜ್ ಆದಾಗ ಗ್ರಾವಿಟಿ 1.240 ಇರುತ್ತದೆ. ಒಂದು ಸೆಲ್ಲಿನ ವೋಲ್ಟೇಜ್ ಅಂದರೆ ಅದರ ಗ್ರಾವಿಟಿಗೆ 0.84 ಕೂಡಿಸಿದಷ್ಟು. 1.240ಕ್ಕೆ ಕೂಡಿಸಿದರೆ 2.08. ಆರು ಸೆಲ್ಲಿಗೆ 12.48. ಅಂದರೆ ಈ ಬ್ಯಾಟರಿ 12.5 ತೋರಿಸಿದರೆ ಅದು ತುಂಬಿದೆ. ಇದು ಗೊತ್ತಿಲ್ಲದೆ ಒಳ್ಳೆಯ ಬ್ಯಾಟರಿಯನ್ನು "12.7 ಬರ್ತಾನೇ ಇಲ್ಲ" ಅಂತ ಗುಜರಿಗೆ ಹಾಕಬಾರದು. ನಿಮ್ಮ ಬ್ಯಾಟರಿಯ ಗ್ರಾವಿಟಿ ಎಷ್ಟು ಅನ್ನುವುದು ಅದರ ಮೇಲೆ ಅಥವಾ ವಾರಂಟಿ ಪುಸ್ತಕದಲ್ಲಿ ಇರುತ್ತದೆ. ಅದನ್ನು ನೋಡಿ ಲೆಕ್ಕ ಹಾಕಿ.

ಇದೇ ಲೆಕ್ಕದಲ್ಲಿ ಗ್ರಾವಿಟಿ 1.180ಕ್ಕೆ ಬಂದರೆ 12.12 ವೋಲ್ಟ್. ಹೆಚ್ಚುಕಡಿಮೆ ಅರ್ಧ ಖಾಲಿ. ದಿನಾ ಬಳಸುವಾಗ ಇದಕ್ಕಿಂತ ಕೆಳಗೆ ಇಳಿಸದಿದ್ದರೆ ಬ್ಯಾಟರಿಯ ಆಯಸ್ಸು ಉಳಿಯುತ್ತದೆ. ಲೋಡ್ ಇದ್ದಾಗ 10.5ಕ್ಕೆ ಬಂತು ಅಂದರೆ ಪೂರ್ತಿ ಖಾಲಿ. ಅಲ್ಲಿಂದ ಮುಂದೆ ಎಳೆದ ಒಂದೊಂದು ನಿಮಿಷಕ್ಕೂ ಪ್ಲೇಟು ಬೆಲೆ ಕಟ್ಟುತ್ತದೆ.

ಹೈಡ್ರೋಮೀಟರ್ ಹೇಳುವುದು

ಪೂರ್ತಿ ಚಾರ್ಜ್ ಮಾಡಿ, ಬಿಟ್ಟು, ಒಂದೊಂದೇ ಸೆಲ್ಲಿನ ಗ್ರಾವಿಟಿ ತೆಗೆದು ಬರೆದುಕೊಳ್ಳಿ. ಪ್ಲಸ್ ಕಡೆಯಿಂದ 1, 2, 3 ಅಂತ ನಂಬರ್ ಕೊಡಿ. ಹೈಡ್ರೋಮೀಟರ್ ಒಳಗಿನ ಗುಂಡು ಗಾಜಿನ ಗೋಡೆಗೆ ಅಂಟದೆ ತೇಲುತ್ತಿರಬೇಕು. ಕಣ್ಣು ದ್ರವದ ಮಟ್ಟಕ್ಕೇ ಇರಬೇಕು. ಅಳತೆಯ ಲೆಕ್ಕ 27 ಡಿಗ್ರಿಗೆ. ಡಿಸೆಂಬರ್ ಬೆಳಿಗ್ಗೆ 17 ಡಿಗ್ರಿಯ ಚಳಿಯಲ್ಲಿ ತೆಗೆದರೆ ಬಂದ ಸಂಖ್ಯೆಯಿಂದ 0.007 ಕಳೆಯಿರಿ. ಬಿಸಿಲಲ್ಲಿದ್ದು 37 ಡಿಗ್ರಿ ಆಗಿದ್ದರೆ ಅಷ್ಟೇ ಕೂಡಿಸಿ. ಆಗಷ್ಟೇ ನೀರು ಹಾಕಿದ್ದರೆ ಅಳೆಯಬೇಡಿ. ಹೊಸ ನೀರು ಮೇಲೇ ನಿಂತಿರುತ್ತದೆ, ತಪ್ಪು ಸಂಖ್ಯೆ ಬರುತ್ತದೆ. ಮನೆಯ ಮೂಲೆಯಲ್ಲಿ ಅಲುಗಾಡದೆ ಕೂತ ಬ್ಯಾಟರಿಯಲ್ಲಿ ಆಸಿಡ್ ತಳಕ್ಕೆ ಇಳಿದು ಮೇಲೆ ತೆಳುವಾಗುವುದೂ ಇದೆ. ದೋಣಿಯದು ಅಲೆಗೆ ಓಲಾಡುವುದರಿಂದ ಈ ತೊಂದರೆ ಕಡಿಮೆ.

ಒಂದು ಉದಾಹರಣೆ ನೋಡೋಣ. ಆರು ಸೆಲ್ಲಿನಲ್ಲಿ ಹೀಗೆ ಬಂತು ಅಂದುಕೊಳ್ಳಿ: 1.235, 1.240, 1.235, 1.150, 1.240, 1.235. ಮೇಲಿನ ಲೆಕ್ಕ ಹಾಕಿದರೆ ಟರ್ಮಿನಲ್ಲಿನಲ್ಲಿ 12.37 ವೋಲ್ಟ್ ಬರುತ್ತದೆ. ಮೀಟರ್ ನೋಡಿದವರು "ಪರವಾಗಿಲ್ಲ, ಮುಕ್ಕಾಲು ಭಾಗ ಇದೆ" ಅಂದುಬಿಡುತ್ತಾರೆ. ಆದರೆ ನಾಲ್ಕನೇ ಸೆಲ್ಲು ಖಾಲಿಯಾಗುತ್ತಾ ಬಂದಿದೆ. ಮೋಟರ್ ಹಾಕಿ ಕೆಲವೇ ನಿಮಿಷಕ್ಕೆ ಅದು ಕೂತುಬಿಡುತ್ತದೆ, ವೋಲ್ಟೇಜ್ ಒಂದೇ ಸಲ 10ರ ಹತ್ತಿರಕ್ಕೆ ಬೀಳುತ್ತದೆ. "ದಡದಲ್ಲಿ ಸರಿ ಇತ್ತು, ನೀರಿನ ಮಧ್ಯ ಹೋದಾಗ ನಿಂತುಬಿಡ್ತು" ಅನ್ನುವ ದೂರಿನ ಹಿಂದೆ ಹಲವು ಸಲ ಇರುವುದು ಇಂಥ ಒಂದೇ ಸೆಲ್ಲು. ಹಿನ್ನೀರಿನ ಮಧ್ಯೆ ಸಂಜೆ ಗಾಳಿ ಎದ್ದ ಹೊತ್ತಿನಲ್ಲಿ ಹೀಗಾದರೆ ಅದು ಜೀವದ ಪ್ರಶ್ನೆ. ಅದಕ್ಕೇ ಹುಟ್ಟು, ಲೈಫ್ ಜಾಕೆಟ್ ಇಲ್ಲದೆ ಬ್ಯಾಟರಿ ನಂಬಿ ಹೊರಡಬೇಡಿ.

ಆರೂ ಸೆಲ್ಲು ಸಮನಾಗಿ ಕಡಿಮೆ ಇದ್ದರೆ, ಉದಾಹರಣೆಗೆ ಎಲ್ಲವೂ 1.190, ಅದು ಒಳ್ಳೆಯ ಸುದ್ದಿ. ಬ್ಯಾಟರಿ ಹಸಿದಿದೆ ಅಷ್ಟೇ. ಚಾರ್ಜಿಂಗ್ ಕಡೆ ನೋಡಿ. ಸೆಲ್ಲುಗಳ ನಡುವೆ 0.020ರಿಂದ 0.030ರಷ್ಟು ವ್ಯತ್ಯಾಸ ಇದ್ದರೆ ಸಮ ಮಾಡುವ ಚಾರ್ಜ್ ಬೇಕು, ಅದರ ವಿಧಾನ ಕೆಳಗಿದೆ. 0.050 ದಾಟಿ, ಚಾರ್ಜ್ ಮಾಡಿದ ಮೇಲೂ ಏರದಿದ್ದರೆ ಆ ಸೆಲ್ಲು ಹೋಗಿದೆ. ಗ್ರಾವಿಟಿ ಕಡಿಮೆ ಅಂತ ಆಸಿಡ್ ಸುರಿಯುವವರು ಇದ್ದಾರೆ. ದಯವಿಟ್ಟು ಬೇಡ. ಆಸಿಡ್ ಎಲ್ಲಿಗೂ ಹೋಗಿಲ್ಲ, ಪ್ಲೇಟಿನಲ್ಲಿ ಸಲ್ಫೇಟ್ ಆಗಿ ಕೂತಿದೆ. ಚಾರ್ಜ್ ಮಾಡಿದರೆ ಅದು ಮರಳಿ ಬರಬೇಕು. ಮೇಲಿಂದ ಸುರಿದರೆ ಮೀಟರಿನಲ್ಲಿ ಸಂಖ್ಯೆ ಚೆನ್ನಾಗಿ ಕಾಣುತ್ತದೆ, ಪ್ಲೇಟು ಮಾತ್ರ ಬೇಗ ಸವೆಯುತ್ತದೆ. ಆಸಿಡ್ ಚೆಲ್ಲಿಹೋಗಿದ್ದರೆ ಮಾತ್ರ ಬೇರೆ ಮಾತು.

ನೀರಿನ ವಿಷಯ. ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಕಡೆ ಜಂಬಿಟ್ಟಿಗೆ ನೆಲದ ಬಾವಿಯಲ್ಲಿ ಕಬ್ಬಿಣದ ಅಂಶ ಇರುವುದು ಬಕೆಟ್ಟಿನ ಕೆಂಪು ಕಲೆ ನೋಡಿದರೇ ಗೊತ್ತಾಗುತ್ತದೆ. ಆ ಕಬ್ಬಿಣ ಬ್ಯಾಟರಿಯೊಳಗೆ ಹೋದರೆ ಯಾರೂ ಬಳಸದಿದ್ದರೂ ಚಾರ್ಜ್ ತಾನಾಗಿ ಇಳಿಯುತ್ತಾ ಹೋಗುತ್ತದೆ. ಹೆಂಚಿನಿಂದ ಇಳಿದ ಮಳೆನೀರೂ ಬೇಡ. ಪ್ಲೇಟು ನೀರಿನಿಂದ ಹೊರಗೆ ಕಂಡರೆ ಚಾರ್ಜ್ ಮಾಡುವ ಮೊದಲು ಪ್ಲೇಟು ಮುಳುಗುವಷ್ಟು ಮಾತ್ರ ಹಾಕಿ. ಉಳಿದದ್ದು ಚಾರ್ಜ್ ಆದ ಮೇಲೆ. ಮೊದಲೇ ತುಂಬಿಸಿದರೆ ಬಿಸಿಗೆ ಉಕ್ಕಿ ಆಸಿಡ್ ಹೊರಗೆ ಬರುತ್ತದೆ.

ತುಂಬುತ್ತಿದೆಯಾ ಇಲ್ಲವಾ

ಎಲ್ಲ ಸೆಲ್ಲೂ ಸಮನಾಗಿ ಕಡಿಮೆ ಇದ್ದರೆ ಇಲ್ಲಿ ಹೆಚ್ಚು ಹೊತ್ತು ಕಳೆಯಬೇಕು. ಚಾರ್ಜ್ ಆಗುವಾಗ ಟರ್ಮಿನಲ್ ಮೇಲೇ ಮೀಟರ್ ಇಡಿ, ಚಾರ್ಜರಿನ ಪರದೆ ನೋಡಬೇಡಿ. ತುಂಬುತ್ತಾ ಬಂದಂತೆ 14.4 ವೋಲ್ಟ್ ಆಸುಪಾಸಿಗೆ ಏರಿ ಅಲ್ಲಿ ಒಂದೆರಡು ಗಂಟೆಯಾದರೂ ನಿಲ್ಲಬೇಕು. ಆಮೇಲೆ 13.5ರಿಂದ 13.8ಕ್ಕೆ ಇಳಿಯಬೇಕು. 14 ದಾಟುವುದೇ ಇಲ್ಲ ಅಂದರೆ ಬ್ಯಾಟರಿ ಎಂದೂ ತುಂಬುವುದಿಲ್ಲ.

150 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಬ್ಯಾಟರಿಗೆ 15 ಆಂಪಿಯರ್ ಚಾರ್ಜಿಂಗ್ ಸರಿಯಾದ ಅಳತೆ, ಹತ್ತನೇ ಒಂದು ಭಾಗ. ಅರ್ಧ ಖಾಲಿಯಾಗಿದ್ದರೆ 75 ಎಎಚ್ ತುಂಬಬೇಕು. ಐದು ಗಂಟೆ ಸಾಕು ಅನ್ನಿಸುತ್ತದೆ, ಆದರೆ ಸಾಲುವುದಿಲ್ಲ. ತೆಗೆದದ್ದಕ್ಕಿಂತ ಜಾಸ್ತಿಯೇ ಕೊಡಬೇಕು. ಅಲ್ಲದೆ ಕೊನೆಯ ನೂರಕ್ಕೆ ಇಪ್ಪತ್ತು ಭಾಗ ತುಂಬುವಾಗ ಬ್ಯಾಟರಿ ಎಳೆದುಕೊಳ್ಳುವ ಕರೆಂಟ್ ಕಡಿಮೆಯಾಗುತ್ತಾ ಹೋಗುತ್ತದೆ. ಎಂಟೊಂಬತ್ತು ಗಂಟೆ ಬೇಕು. ಸಂಜೆ ಹಾಕಿ ಊಟ ಆದ ಮೇಲೆ ತೆಗೆದರೆ ಆ ಕೊನೆಯ ಭಾಗ ಯಾವತ್ತೂ ತುಂಬುವುದಿಲ್ಲ. ಅಲ್ಲಿ ಉಳಿದ ಸಲ್ಫೇಟ್ ದಿನ ಕಳೆದಂತೆ ಗಟ್ಟಿಯಾಗುತ್ತದೆ.

ಊರ ಕಡೆಯ ಮನೆಗಳಲ್ಲಿ ಇನ್ನೊಂದು ಕಾರಣ ಇದೆ. ಲೈನಿನ ಕೊನೆಯ ಮನೆಗೆ ಸಂಜೆ ವೋಲ್ಟೇಜ್ 160, 170ಕ್ಕೆ ಇಳಿಯುತ್ತದೆ. ಇನ್ವರ್ಟರ್ ಹಿಂದೆ ಯುಪಿಎಸ್, ನಾರ್ಮಲ್ ಅಂತ ಒಂದು ಸ್ವಿಚ್ ಇರುತ್ತದೆ. ಅದು ಯುಪಿಎಸ್‌ನಲ್ಲಿದ್ದರೆ ವೋಲ್ಟೇಜ್ 180ಕ್ಕಿಂತ ಇಳಿದ ಕೂಡಲೇ ಬ್ಯಾಟರಿಗೆ ಹೋಗಿಬಿಡುತ್ತದೆ. ಕರೆಂಟ್ ಇದೆ ಅಂದುಕೊಂಡು ನಾವು ಸುಮ್ನೆ ಕೂತಿರುತ್ತೇವೆ, ಬ್ಯಾಟರಿ ಖಾಲಿಯಾಗುತ್ತಿರುತ್ತದೆ. ಸ್ವಿಚ್ ನಾರ್ಮಲ್‌ಗೆ ಹಾಕಿ. ದೋಣಿಯದನ್ನು ಮನೆಯಲ್ಲೇ ಚಾರ್ಜ್ ಮಾಡುವವರು ವೋಲ್ಟೇಜ್ ಚೆನ್ನಾಗಿರುವ ನಡುರಾತ್ರಿಯಿಂದ ಬೆಳಿಗ್ಗೆವರೆಗಿನ ಹೊತ್ತು ಬಳಸಿಕೊಳ್ಳಿ. ಗಾಳಿಯಾಡುವ ಜಗಲಿಯಲ್ಲಿ ಇಡಿ, ಮಲಗುವ ಕೋಣೆಯಲ್ಲಿ ಬೇಡ.

ಸೋಲಾರ್ ಇದ್ದರೆ, ಪ್ಯಾನಲ್ಲಿಗೂ ಬ್ಯಾಟರಿಗೂ ನಡುವೆ ಚಾರ್ಜ್ ನೋಡಿಕೊಳ್ಳುವ ಕಂಟ್ರೋಲರಿನಲ್ಲಿ ಬ್ಯಾಟರಿ ಯಾವ ಬಗೆ ಅಂತ ಸರಿಯಾಗಿ ಹಾಕಿದ್ದೀರಾ ನೋಡಿ. ಜೆಲ್ ಅಂತಲೋ ಸೀಲ್ಡ್ ಅಂತಲೋ ಇದ್ದರೆ ವೋಲ್ಟೇಜ್ ಕಡಿಮೆಯಲ್ಲೇ ನಿಲ್ಲಿಸಿಬಿಡುತ್ತದೆ. 100 ವ್ಯಾಟಿನ ಪ್ಯಾನಲ್ ಒಳ್ಳೆಯ ಬಿಸಿಲಿನಲ್ಲಿ ಐದಾರು ಆಂಪಿಯರ್ ಕೊಡುತ್ತದೆ. ದಿನಕ್ಕೆ 25 ಎಎಚ್ ಸಿಕ್ಕರೆ ಹೆಚ್ಚು. ಅದರಿಂದ 150 ಎಎಚ್ ಬ್ಯಾಟರಿ ಮೇಲೆ ಮೋಟರ್ ಓಡಿಸುತ್ತೇನೆ ಅಂದರೆ ಲೆಕ್ಕ ಕೂಡುವುದಿಲ್ಲ. ಆಷಾಢದ ಮೋಡದಲ್ಲಂತೂ ಅದನ್ನು ನಂಬಲೇಬೇಡಿ. ಪ್ಯಾನಲ್ಲಿನ ಒಂದು ಮೂಲೆಗೆ ಅಡಿಕೆ ಗರಿಯ ನೆರಳು ಬಿದ್ದರೂ ಅರ್ಧಕ್ಕರ್ಧ ಹೋಗುತ್ತದೆ.

ವೈರು, ಲಗ್ಗು, ಲೋಡು

ಬ್ಯಾಟರಿ ತುಂಬಿದೆ, ಸೆಲ್ಲುಗಳು ಸಮ ಇವೆ, ಆದರೂ ಮೋಟರ್ ಸೊರಗುತ್ತದೆ. ಆಗ ತಪ್ಪು ಇರುವುದು ಬ್ಯಾಟರಿಯಿಂದ ಮೋಟರಿಗೆ ಕರೆಂಟ್ ಹೋಗುವ ದಾರಿಯಲ್ಲಿ. ಮೋಟರ್ ಪೂರ್ತಿ ವೇಗದಲ್ಲಿ ಓಡುವಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಸೀಸದ ಕಂಬದ ಮೇಲೆ, ಇನ್ನೊಂದು ಅದಕ್ಕೇ ಜೋಡಿಸಿದ ಲಗ್ಗಿನ (ವೈರಿನ ತುದಿಯ ಲೋಹದ ಬಳೆ) ಮೇಲೆ ಇಡಿ. ಎರಡೂ ಮುಟ್ಟಿಕೊಂಡೇ ಇವೆ, ಸೊನ್ನೆ ಹತ್ತಿರ ಬರಬೇಕು. 0.2 ದಾಟಿದರೆ ಆ ಜೋಡಣೆ ಸರಿಯಿಲ್ಲ. ಕೆಲವು ಕಡೆ 0.9 ಸಹ ಬರುತ್ತದೆ. 40 ಆಂಪಿಯರ್ ಹರಿಯುವಾಗ 0.9 ವೋಲ್ಟ್ ಅಂದರೆ 36 ವ್ಯಾಟ್ ಆ ಒಂದು ಬೋಲ್ಟಿನ ಬುಡದಲ್ಲೇ ಬಿಸಿಯಾಗಿ ಹೋಗುತ್ತಿದೆ. ಕೈ ಹಿಡಿದರೆ ಸುಡುತ್ತದೆ, ವೈರಿನ ಸಿಪ್ಪೆ ಕಪ್ಪಾಗಿರುತ್ತದೆ. ಬಿಚ್ಚಿ, ಉಜ್ಜಿ, ಲೋಹ ಹೊಳೆಯುವಂತೆ ಮಾಡಿ ಬಿಗಿಮಾಡಿ. ಮೇಲೆ ವ್ಯಾಸಲೀನ್ ಸವರಿ. ಮೊದಲು ಬಿಗಿ, ಆಮೇಲೆ ವ್ಯಾಸಲೀನ್.

ವೈರಿನ ದಪ್ಪದಲ್ಲಿ ಜಿಪುಣತನ ಮಾಡಬೇಡಿ. ಬ್ಯಾಟರಿಯಿಂದ ಮೋಟರಿಗೆ ಮೂರು ಮೀಟರ್, ಹೋಗಿ ಬರುವ ದಾರಿ ಆರು ಮೀಟರ್. 4 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ 40 ಆಂಪಿಯರ್ ಹರಿಸಿದರೆ ವೈರೇ ಒಂದು ವೋಲ್ಟಿಗೂ ಜಾಸ್ತಿ ತಿನ್ನುತ್ತದೆ. 16 ಚದರ ಮಿಲಿಮೀಟರ್ ಹಾಕಿದರೆ ಕಾಲು ವೋಲ್ಟಿನ ಆಸುಪಾಸು. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಫ್ಯೂಸ್ ಇರಲೇಬೇಕು.

ಎರಡು ಬ್ಯಾಟರಿಯನ್ನು ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಜೋಡಿಸಿದ್ದರೆ ಮೋಟರಿಗೆ ಹೋಗುವ ಪ್ಲಸ್ ಒಂದರಿಂದ, ಮೈನಸ್ ಇನ್ನೊಂದರಿಂದ ತೆಗೆಯಿರಿ. ಎರಡೂ ಒಂದರಿಂದಲೇ ತೆಗೆದರೆ ಅದೇ ಹೆಚ್ಚು ದುಡಿದು ಬೇಗ ಸವೆಯುತ್ತದೆ. ಹಳೆಯದರ ಜೊತೆ ಹೊಸದನ್ನು ಜೋಡಿಸಬೇಡಿ.

ಲೋಡೇ ಹೆಚ್ಚಾಗಿರಬಹುದು. ಪ್ರೊಪೆಲ್ಲರ್ ಎತ್ತಿ ನೋಡಿ. ಬಲೆಯ ನೂಲು, ಜೊಂಡು ಸುತ್ತಿಕೊಂಡಿದ್ದರೆ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಬೇಸಿಗೆಯಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ಇಳಿದು ಮುಳುಗಿದ ಮರದ ಬೊಡ್ಡೆಗಳು ಮೇಲೆ ಬಂದಾಗ ಬ್ಲೇಡು ಬಡಿದು ಮುರಿಯುವುದೂ ಸಾಮಾನ್ಯ. ಇನ್ನು ವೇಗ. 150 ಎಎಚ್ ಅಂತ ಬರೆದಿರುವುದು 20 ಗಂಟೆಯ ಲೆಕ್ಕಕ್ಕಾದರೆ 7.5 ಆಂಪಿಯರಿನಂತೆ ತೆಗೆದಾಗ ಮಾತ್ರ ಅಷ್ಟು ಸಿಗುತ್ತದೆ. 40 ಆಂಪಿಯರ್ ಎಳೆದರೆ ಅಷ್ಟು ಸಿಗುವುದೇ ಇಲ್ಲ. ವೇಗ ಸ್ವಲ್ಪ ಇಳಿಸಿದರೆ ಕರೆಂಟಿನ ಖರ್ಚು ತುಂಬಾ ಇಳಿಯುತ್ತದೆ. ದೂರ ಹೋಗಬೇಕಾದವರು ನಿಧಾನ ಹೋಗಲಿ.

ದೋಣಿ ಕಟ್ಟಿಹಾಕಿದಾಗಲೂ ಚಾರ್ಜ್ ಇಳಿಯುತ್ತಿದ್ದರೆ ಎಲ್ಲ ಸ್ವಿಚ್ ಆಫ್ ಮಾಡಿ, ಮೈನಸ್ ವೈರು ಬಿಚ್ಚಿ, ಮೀಟರನ್ನು ಆಂಪಿಯರಿಗೆ ಹಾಕಿ ನಡುವೆ ಜೋಡಿಸಿ. ಈ ಹೊತ್ತಿನಲ್ಲಿ ಮೋಟರ್ ಚಾಲೂ ಮಾಡಿದರೆ ಮೀಟರಿನ ಫ್ಯೂಸ್ ಹೋಗುತ್ತದೆ, ಎಚ್ಚರ. ಅರ್ಧ ಆಂಪಿಯರ್ ಸೋರಿದರೂ ದಿನಕ್ಕೆ 12 ಎಎಚ್ ಹೋಯಿತು. ನೀರೆತ್ತುವ ಪಂಪಿನ ತೇಲುವ ಸ್ವಿಚ್ ಕಸಕ್ಕೆ ಸಿಕ್ಕಿ ನಿಂತಿದೆಯಾ ಅಂತ ಮೊದಲು ನೋಡಿ.

ಸಮ ಮಾಡುವ ಚಾರ್ಜ್

ಚಾರ್ಜರಿನಲ್ಲಿ ಈಕ್ವಲೈಸ್ ಅಂತ ಇದ್ದರೆ, ನೀರು ಹಾಕುವ ಬ್ಯಾಟರಿಗೆ ಮಾತ್ರ, ಮೊದಲು ಮಾಮೂಲಿ ಪೂರ್ತಿ ಚಾರ್ಜ್ ಮಾಡಿ ಆಮೇಲೆ ಹಾಕಿ. ವೋಲ್ಟೇಜ್ 15 ದಾಟುತ್ತದೆ, ಹಾಗಾಗಿ ಲೈಟು, ಮೀನು ಹುಡುಕುವ ಯಂತ್ರ ಎಲ್ಲ ಬಿಚ್ಚಿಡಿ. ಸೆಲ್ಲುಗಳು ಚೆನ್ನಾಗಿ ಗುಳ್ಳೆ ಬಿಡುತ್ತವೆ. ಬಯಲಲ್ಲಿ, ಎದುರಿಗೆ ನಿಂತೇ ಮಾಡಬೇಕು. ಗಂಟೆಗೊಮ್ಮೆ ಗ್ರಾವಿಟಿ ನೋಡಿ. ಸತತ ಮೂರು ಸಲ ಒಂದೇ ಸಂಖ್ಯೆ ಬಂದರೆ ನಿಲ್ಲಿಸಿ. ಬ್ಯಾಟರಿ 50 ಡಿಗ್ರಿಯಷ್ಟು ಬಿಸಿಯಾದರೆ ಕೂಡಲೇ ನಿಲ್ಲಿಸಿ ಆರಲು ಬಿಡಿ. ಸೀಲ್ಡ್, ಜೆಲ್, ಲಿಥಿಯಂ ಬ್ಯಾಟರಿಗೆ ಇದನ್ನು ಮಾಡಲೇಬಾರದು.

ಮಳೆಗಾಲದ ನಾಲ್ಕು ತಿಂಗಳು

ನಮ್ಮ ಕಡೆ ಬ್ಯಾಟರಿಗಳು ಹೆಚ್ಚು ಸಾಯುವುದು ಓಡುವಾಗಲ್ಲ, ಸುಮ್ನೆ ಕೂತಾಗ. ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ದೋಣಿಯನ್ನು ದಡಕ್ಕೆ ಎಳೆದು ಟಾರ್ಪಾಲು ಮುಚ್ಚುತ್ತಾರೆ. ಬ್ಯಾಟರಿ ಅದರೊಳಗೇ ಅರ್ಧ ಖಾಲಿಯಾಗಿ ಉಳಿಯುತ್ತದೆ. ಚಿತ್ತೆ ಮಳೆ ಕಳೆದ ಮೇಲೆ ತೆಗೆದು ನೋಡಿದರೆ ಚಾರ್ಜ್ ಹಿಡಿಯುವುದೇ ಇಲ್ಲ. ಬ್ಯಾಟರಿ ಸುಮ್ಮನಿದ್ದರೂ ತಿಂಗಳಿಗೆ ನೂರಕ್ಕೆ ಐದರ ಆಸುಪಾಸು ಇಳಿಯುತ್ತದೆ, ಹಳೆಯದಾದರೆ ಇನ್ನೂ ಜಾಸ್ತಿ. ಮೇ ಕೊನೆಯಲ್ಲೇ ಬಿಚ್ಚಿ ಮನೆಗೆ ತನ್ನಿ. ಪೂರ್ತಿ ಚಾರ್ಜ್ ಮಾಡಿ, ಮೇಲ್ಭಾಗ ಒರೆಸಿ ಒಣಗಿಸಿ ಇಡಿ. ತಿಂಗಳಿಗೊಮ್ಮೆ ಮತ್ತೆ ತುಂಬಿಸಿ. ಕರೆಂಟ್ ವಾರಗಟ್ಟಲೆ ಹೋಗುವ ಊರಾದರೆ ಇದ್ದ ದಿನವೇ ಮಾಡಿಬಿಡಿ. ಸಿಮೆಂಟ್ ನೆಲದ ಮೇಲೆ ಇಟ್ಟರೆ ಚಾರ್ಜ್ ಇಳಿಯುತ್ತದೆ ಅಂತ ಹಿರಿಯರು ಹೇಳುತ್ತಾರೆ. ಹಳೆಯ ಕಾಲದ ಡಬ್ಬಿಗಳಿಗೆ ಅದು ಸರಿ ಇದ್ದಿರಬಹುದು. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಆ ಭಯ ಇಲ್ಲ.

ಇನ್ನು ಆಗದು ಅನ್ನುವುದು ಯಾವಾಗ

ಪೂರ್ತಿ ಚಾರ್ಜ್, ಸಮ ಮಾಡುವ ಚಾರ್ಜ್ ಎರಡೂ ಆದ ಮೇಲೂ ಒಂದು ಸೆಲ್ಲು ಏರದಿದ್ದರೆ, ಇಲ್ಲವೇ ಗೊತ್ತಿರುವ ಲೋಡ್ ಹಾಕಿ ಗಡಿಯಾರ ಹಿಡಿದು ನೋಡಿದಾಗ ಹೊಸದರ ಅರ್ಧ ಹೊತ್ತೂ ಬಾರದಿದ್ದರೆ, ಬದಲಿಸುವುದೇ ಸರಿ. ವಾರಂಟಿ ಇದ್ದರೆ ನೀವು ಬರೆದಿಟ್ಟ ಆರು ಸೆಲ್ಲಿನ ಸಂಖ್ಯೆಗಳನ್ನು ತೋರಿಸಿ, ಮಾತು ಬೇಗ ಮುಗಿಯುತ್ತದೆ. ಒಳಗಿನ ಆಸಿಡ್ಡನ್ನು ತೋಟಕ್ಕೋ ಹಳ್ಳಕ್ಕೋ ಚೆಲ್ಲಬೇಡಿ, ಅದರಲ್ಲಿ ಸೀಸ ಇದೆ. ಹಾಗೇ ಇಡಿಯಾಗಿ ಅಂಗಡಿಗೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಹಳೆಯ ಬ್ಯಾಟರಿ ಮರುಬಳಕೆಗೇ ಹೋಗಬೇಕು. ಸೀಸದ ತೂಕಕ್ಕೆ ಹೊಸದರ ಬೆಲೆಯಲ್ಲೂ ಒಂದಷ್ಟು ಕಡಿತ ಸಿಗುತ್ತದೆ. ಹೊಸದನ್ನು ದೋಣಿಗೆ ಕೂರಿಸುವ ಮೊದಲು ಒಮ್ಮೆ ಪೂರ್ತಿ ಚಾರ್ಜ್ ಮಾಡಿ ಆರೂ ಸೆಲ್ಲಿನ ಗ್ರಾವಿಟಿ, ತಾರೀಖು ಎರಡನ್ನೂ ಬ್ಯಾಟರಿ ಪೆಟ್ಟಿಗೆಯ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ಬರೆದಿಡಿ.